ಹಾರ್ಡಿಂಜ್ ಸರ್ಕಲ್‌ನ ಆ ಹಾರ್ಡಿಂಜ್ ಯಾರು?

ಪಕ್ಕದ ದೇಶದಲ್ಲಿ ಜನ ಬೀದಿಗಿಳಿದರೆ ನಮ್ಮ ಸರ್ಕಾರದ ಮುಖ್ಯಸ್ಥರು ಏನು ಮಾಡಬೇಕು? 2022ರಲ್ಲಿ ಶ್ರೀಲಂಕಾ, 2024ರಲ್ಲಿ ಬಾಂಗ್ಲಾದೇಶ, 2025ರಲ್ಲಿ ನೇಪಾಳ ಕಂಡ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರ ಗುಂಪಿನಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅದು ಅವರ ಆಂತರಿಕ ವಿಷಯ ಎಂಬ ಸಿದ್ಧ ಉತ್ತರವೊಂದಿದೆ. ಗಡಿ ಜಿಲ್ಲೆಯಲ್ಲಿ ಬೆಳೆದ ನನಗೆ ಅಷ್ಟೇ ಸಾಲದು ಅನ್ನಿಸುತ್ತದೆ. ಬಂಡೀಪುರದ ರಾತ್ರಿ ಸಂಚಾರ ನಿಷೇಧದ ವಿರುದ್ಧ 2019ರಲ್ಲಿ ಕೇರಳದ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಕೂತಾಗ ಗುಂಡ್ಲುಪೇಟೆಯಲ್ಲೂ ಅದೇ ಮಾತು. ಕಾವೇರಿ ಗಲಾಟೆ ಜೋರಾದರೆ ಚಾಮರಾಜನಗರದಿಂದ ತಮಿಳುನಾಡಿನ ಕಡೆಗೆ ಬಸ್ ಹೊರಡುವುದಿಲ್ಲ. ಆಚೆಯ ಹೋರಾಟ ಆಚೆಗೇ ನಿಲ್ಲುವುದಿಲ್ಲ ಎಂಬುದು ನಮಗೆ ಪುಸ್ತಕ ಓದದೆಯೇ ಗೊತ್ತು.

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಸಿಕ್ಕಿದ್ದು ನಾವೆಲ್ಲ ದಿನಬಳಕೆಯಲ್ಲಿ ಹೇಳುವ ಒಂದು ಹೆಸರು. ನಮ್ಮ ಕಡೆಯವರು ಮೈಸೂರಿಗೆ ಹೋದರೆ ಹಾರ್ಡಿಂಜ್ ಸರ್ಕಲ್ ನೋಡದೆ ಬರುವುದು ಕಡಿಮೆ. ಈಗ ಅಲ್ಲಿ ಜಯಚಾಮರಾಜ ಒಡೆಯರ್ ಪ್ರತಿಮೆ ಇದೆ, ವೃತ್ತಕ್ಕೂ ಅವರದೇ ಹೆಸರು. ಆದರೂ ಜನರ ಬಾಯಲ್ಲಿ ಹಳೆಯ ಹೆಸರು ಉಳಿದಿದೆ. ಆ ಹಾರ್ಡಿಂಜ್ 1910ರಿಂದ 1916ರವರೆಗೆ ಭಾರತದ ವೈಸ್‌ರಾಯ್ ಆಗಿದ್ದವನು.

ಚಾರ್ಲ್ಸ್ ಹಾರ್ಡಿಂಜ್ ಹುಟ್ಟಿದ್ದು 1858ರಲ್ಲಿ. ತಾತ ಹೆನ್ರಿ ಹಾರ್ಡಿಂಜ್ ಕೂಡ ಇಲ್ಲಿ ಗವರ್ನರ್ ಜನರಲ್ ಆಗಿದ್ದ. ಮೊಮ್ಮಗ ವಿದೇಶಾಂಗ ಸೇವೆಗೆ ಸೇರಿ ರಷ್ಯಾದಲ್ಲಿ ರಾಯಭಾರಿಯಾದ. ಒಂದು ದೇಶದವರು ಇನ್ನೊಂದು ದೇಶದ ಬಗ್ಗೆ ಎಷ್ಟು ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದೇ ಅವನ ಕಸುಬು. ಭಾರತಕ್ಕೆ ಬಂದ ಮರುವರ್ಷವೇ, 1911ರ ದೆಹಲಿ ದರ್ಬಾರಿನಲ್ಲಿ ಬಂಗಾಳ ವಿಭಜನೆ ರದ್ದಾಯಿತು, ರಾಜಧಾನಿ ದೆಹಲಿಗೆ ಎಂಬ ಘೋಷಣೆಯೂ ಬಂತು. 1912ರ ಡಿಸೆಂಬರ್ 23ರಂದು ಆನೆಯ ಮೇಲೆ ದೆಹಲಿ ಪ್ರವೇಶಿಸುವಾಗ ಅವನ ಮೇಲೆ ಬಾಂಬ್ ಬಿತ್ತು. ಹಿಂದೆ ಛತ್ರಿ ಹಿಡಿದಿದ್ದ ಸೇವಕ ಸತ್ತ. ಹಾರ್ಡಿಂಜ್ ತೀವ್ರವಾಗಿ ಗಾಯಗೊಂಡ.

ಇದಾಗಿ ಒಂದು ವರ್ಷ ತುಂಬುವ ಮೊದಲೇ ದಕ್ಷಿಣ ಆಫ್ರಿಕಾದಿಂದ ಸುದ್ದಿ ಬಂತು. ಕರಾರು ಕೂಲಿಗಳಾಗಿ ಹೋಗಿ, ಕರಾರು ಮುಗಿದ ಮೇಲೂ ಅಲ್ಲೇ ಉಳಿದ ಭಾರತೀಯರ ಮೇಲೆ ವರ್ಷಕ್ಕೆ 3 ಪೌಂಡ್ ತೆರಿಗೆ ಇತ್ತು. ಕ್ರೈಸ್ತ ವಿಧಿಯಲ್ಲಿ ಆಗದ ಮದುವೆಗೆ ಮಾನ್ಯತೆ ಇಲ್ಲವೆಂದು 1913ರ ಮಾರ್ಚ್‌ನಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. ಅಕ್ಟೋಬರ್‌ನಲ್ಲಿ ನ್ಯೂಕ್ಯಾಸಲ್‌ನ ಕಲ್ಲಿದ್ದಲು ಗಣಿಗಳ ಕಾರ್ಮಿಕರು ಕೆಲಸ ಬಿಟ್ಟರು. ಎರಡು ಸಾವಿರಕ್ಕೂ ಹೆಚ್ಚು ಜನ ಗಾಂಧೀಜಿಯ ಜೊತೆ ಕಾಲ್ನಡಿಗೆಯಲ್ಲಿ ಟ್ರಾನ್ಸ್‌ವಾಲ್ ಗಡಿ ದಾಟಿದರು. ಗಾಂಧೀಜಿ ಜೈಲು ಸೇರಿದರು. ಗಣಿಗಳ ಆವರಣವೇ ಸೆರೆಮನೆಯಾಯಿತು, ಚಾಟಿ ಏಟು ಬಿತ್ತು.

ದಕ್ಷಿಣ ಆಫ್ರಿಕಾ ತನ್ನದೇ ಸರ್ಕಾರ ಇದ್ದ ನಾಡು. ಅಲ್ಲಿ ವೈಸ್‌ರಾಯ್‌ಗೆ ಯಾವ ಅಧಿಕಾರವೂ ಇರಲಿಲ್ಲ. ಎರಡೂ ಒಂದೇ ಬ್ರಿಟಿಷ್ ದೊರೆಯ ಕೆಳಗಿದ್ದುದರಿಂದ ಬಾಯಿ ಮುಚ್ಚಿಕೊಂಡಿರುವುದೇ ಶಿಷ್ಟಾಚಾರ. ಆದರೆ 1913ರ ನವೆಂಬರ್‌ನಲ್ಲಿ ಮದರಾಸಿನಲ್ಲಿ ಹಾರ್ಡಿಂಜ್ ಬಹಿರಂಗವಾಗಿ ಮಾತಾಡಿದ. ಆ ಕಾನೂನುಗಳು ಅನ್ಯಾಯದವು, ಶಿಕ್ಷೆ ಏನೆಂದು ತಿಳಿದೇ ಅವನ್ನು ಮುರಿದವರ ಬಗ್ಗೆ ಭಾರತಕ್ಕೂ ತನಗೂ ಸಹಾನುಭೂತಿ ಇದೆ ಎಂದ. ದೌರ್ಜನ್ಯದ ಆರೋಪಗಳ ಬಗ್ಗೆ ನಿಷ್ಪಕ್ಷಪಾತ ತನಿಖೆ ನಡೆಯಬೇಕು, ಅದರಲ್ಲಿ ಭಾರತೀಯರ ಪರವಾದ ದನಿಯೂ ಇರಬೇಕು ಎಂದು ಕೇಳಿದ. ದಕ್ಷಿಣ ಆಫ್ರಿಕಾ ಸರ್ಕಾರ ಕೆಂಡವಾಯಿತು. ಅವನನ್ನು ವಾಪಸ್ ಕರೆಸಬೇಕೆಂಬ ಒತ್ತಡ ಲಂಡನ್‌ನಲ್ಲಿ ಎದ್ದಿತು. ಅವನು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇಲ್ಲಿ ನನಗೆ ಮುಖ್ಯ ಅನ್ನಿಸುವುದು ಎರಡು. ಬಾಂಬಿನ ಗಾಯ ಇನ್ನೂ ಹಸಿಯಾಗಿದ್ದಾಗಲೂ ಅವನು ಎಲ್ಲ ಪ್ರತಿಭಟನೆಯನ್ನೂ ಒಂದೇ ಗಂಟಿಗೆ ಕಟ್ಟಲಿಲ್ಲ. ಎರಡನೆಯದು, ಭಾಷಣ ಮಾಡಿ ಕೈತೊಳೆದುಕೊಳ್ಳಲಿಲ್ಲ. ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ತನಿಖಾ ಆಯೋಗ ನೇಮಿಸಿತು. ಅದರಲ್ಲಿ ಭಾರತೀಯರಿಲ್ಲವೆಂದು ಗಾಂಧೀಜಿ ದೂರ ಉಳಿದರು. ಆಗ ಹಾರ್ಡಿಂಜ್ ತನ್ನ ಹಿರಿಯ ಅಧಿಕಾರಿ ಬೆಂಜಮಿನ್ ರಾಬರ್ಟ್‌ಸನ್‌ನನ್ನು ಹಡಗು ಹತ್ತಿಸಿ ಕಳಿಸಿದ. ಮಾತುಕತೆ ನಡೆದು 1914ರಲ್ಲಿ 3 ಪೌಂಡ್ ತೆರಿಗೆ ಹೋಯಿತು, ಮದುವೆಗಳಿಗೆ ಮಾನ್ಯತೆ ಬಂತು. ಗೆದ್ದವರು ಹೋರಾಟಗಾರರೇ. ಜೈಲಿನಿಂದ ಕಾಯಿಲೆ ಹಿಡಿದು ಬಂದು ಸತ್ತ ಹದಿನಾರರ ವಳ್ಳಿಯಮ್ಮ ಅದಕ್ಕೆ ಬೆಲೆ ತೆತ್ತಳು. ಹಾರ್ಡಿಂಜ್ ಮಾಡಿದ್ದು ಮಾತುಕತೆಗೆ ಬಾಗಿಲು ತೆರೆಯುವ ಕೆಲಸ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅದೇ 1914ರ ಸೆಪ್ಟೆಂಬರ್‌ನಲ್ಲಿ ಕೆನಡಾ ತಿರಸ್ಕರಿಸಿದ ಕೊಮಗಾಟಾ ಮಾರು ಹಡಗಿನ ಪ್ರಯಾಣಿಕರು ಕಲ್ಕತ್ತೆ ಹತ್ತಿರದ ಬಜ್‌ಬಜ್‌ನಲ್ಲಿ ಇಳಿದಾಗ ಅವನ ಆಡಳಿತದ ಗುಂಡಿಗೆ ಸುಮಾರು ಇಪ್ಪತ್ತು ಮಂದಿ ಬಲಿಯಾದರು. 1915ರಲ್ಲಿ ಬಂದ ಭಾರತ ರಕ್ಷಣಾ ಕಾಯ್ದೆಯ ವಿಶೇಷ ನ್ಯಾಯಮಂಡಳಿಯಲ್ಲಿ ಮೇಲ್ಮನವಿಗೂ ಅವಕಾಶವಿರಲಿಲ್ಲ. ಲಾಹೋರ್ ಪಿತೂರಿ ಪ್ರಕರಣದ 24 ಮರಣದಂಡನೆಗಳಲ್ಲಿ 17ನ್ನು ಹಾರ್ಡಿಂಜ್ ಜೀವಾವಧಿಗೆ ಇಳಿಸಿದ. ಉಳಿದ ಏಳು ಮಂದಿಯನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ಕರ್ತಾರ್ ಸಿಂಗ್ ಸರಾಭಾನಿಗೆ 19 ವರ್ಷ. ನಮ್ಮ ಡಿಗ್ರಿ ಕಾಲೇಜಿನ ಹುಡುಗರ ವಯಸ್ಸು.

ಆ ಕಾಲದಲ್ಲೇ ಹಾರ್ಡಿಂಜ್ ಹೆಂಡತಿಯನ್ನೂ ಯುದ್ಧದಲ್ಲಿ ಹಿರಿಯ ಮಗನನ್ನೂ ಕಳೆದುಕೊಂಡ. 1916ರ ಮಾರ್ಚ್‌ನಲ್ಲಿ, ಹೊರಡುವ ಮುನ್ನ, ಕರಾರು ಕೂಲಿ ಪದ್ಧತಿ ನಿಲ್ಲಬೇಕೆಂಬ ಮದನ ಮೋಹನ ಮಾಳವೀಯರ ಗೊತ್ತುವಳಿಯನ್ನು ಸರ್ಕಾರದ ಪರವಾಗಿ ಒಪ್ಪಿಕೊಂಡ. ಮೆಸಪೊಟೇಮಿಯಾ ಯುದ್ಧದ ಸೋಲಿಗೆ 1917ರ ತನಿಖಾ ವರದಿ ಅವನನ್ನೂ ಹೊಣೆ ಮಾಡಿತು. 1944ರಲ್ಲಿ ತೀರಿಕೊಂಡ.

ಈ ಬದುಕಿನಿಂದ ನಾನು ಕಟ್ಟಿಕೊಂಡ ಉತ್ತರ ಇಷ್ಟು. ಆಚೆ ದೇಶದಲ್ಲಿ ಜನ ಎದ್ದಾಗ ನಮ್ಮ ನಾಯಕರು ಸರ್ಕಾರ ಉರುಳಿಸುವ ಮಾತಿಗೆ ಹೋಗಬಾರದು, ಖುಷಿಪಟ್ಟು ಚಪ್ಪಾಳೆಯನ್ನೂ ತಟ್ಟಬಾರದು. ಪೆಟ್ಟು ತಿಂದವರ ಪರವಾಗಿ ಸ್ಪಷ್ಟವಾಗಿ ಮಾತಾಡಿ, ತನಿಖೆಯಂಥ ಒಂದು ನಿರ್ದಿಷ್ಟ ಬೇಡಿಕೆ ಇಟ್ಟು, ಮಾತುಕತೆಗೆ ಜನ ಕಳಿಸಬೇಕು. ಆದರೆ ಸಂದರ್ಶನದಲ್ಲಿ ಅಲ್ಲಿಗೇ ನಿಲ್ಲಿಸಬೇಡಿ. ನೇಮಕಾತಿ ಅಧಿಸೂಚನೆ ಕೇಳಿ ನಮ್ಮ ಜಿಲ್ಲಾಡಳಿತ ಭವನದ ಮುಂದೆ ಕೂತ ಹುಡುಗರ ಹತ್ತಿರ ಬಂದು ಮಾತಾಡದ ನಾಯಕ ಢಾಕಾದ, ಕಠ್ಮಂಡುವಿನ ಹುಡುಗರ ಬಗ್ಗೆ ಏನೇ ಹೇಳಿದರೂ ಅದಕ್ಕೆ ತೂಕ ಬರುವುದಿಲ್ಲ ಎಂದೂ ಸೇರಿಸಿ.