ಫ್ರಾನ್ಸಿಸ್ ಪರ್ಕಿನ್ಸ್

ದುಡಿಮೆಯ ವೇಳೆಯಲ್ಲಿ ಕಾರ್ಖಾನೆಯ ಬಾಗಿಲಿಗೆ ಬೀಗ ಹಾಕಬಾರದೆಂಬುದು ನಮಗೆ ತೀರ ಸಾಮಾನ್ಯವಾದ ಮಾತಾಗಿ ತೋರುತ್ತದೆ. ಆದರೆ ನ್ಯೂಯಾರ್ಕ್ ನಗರದಲ್ಲಿ ಈ ಮಾತಿನ ಬೆಲೆ ತಿಳಿಯುವುದಕ್ಕೆ 146 ಮಂದಿ ಪ್ರಾಣ ತೆರಬೇಕಾಯಿತು. ಆ ಸಾವು ವ್ಯರ್ಥವಾಗದಂತೆ ಶ್ರಮಿಸಿದವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಅಗ್ರಗಣ್ಯರು.

ಈಕೆ 1880ರ ಏಪ್ರಿಲ್ 10ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಜನಿಸಿದರು. ಮೌಂಟ್ ಹೋಲಿಯೋಕ್ ಕಾಲೇಜಿನಲ್ಲಿ ಇವರು ಆರಿಸಿಕೊಂಡದ್ದು ವಿಜ್ಞಾನ. ಆದರೆ ಅಲ್ಲಿನ ಅಧ್ಯಾಪಕಿಯೊಬ್ಬರು ವಿದ್ಯಾರ್ಥಿನಿಯರನ್ನು ಸಮೀಪದ ಗಿರಣಿಗಳಿಗೆ ಕಳುಹಿಸಿ, ಕೂಲಿಗಾರರ ಸ್ಥಿತಿಗತಿಗಳನ್ನು ಕಣ್ಣಾರೆ ಕಂಡು ಬರುವಂತೆ ಮಾಡಿದರು. ಪರ್ಕಿನ್ಸರ ಬಾಳು ಅಲ್ಲಿಂದ ಬೇರೆ ದಾರಿ ಹಿಡಿಯಿತು. 1902ರಲ್ಲಿ ಪದವಿ ಪಡೆದು, ಕೆಲಕಾಲ ಉಪಾಧ್ಯಾಯಿನಿಯಾಗಿದ್ದು, ಬಳಿಕ ನ್ಯೂಯಾರ್ಕಿನಲ್ಲಿ ಸಮಾಜಸೇವೆಗೆ ನಿಂತರು.

1911ರ ಮಾರ್ಚ್ 25, ಶನಿವಾರ. ಟ್ರಯಾಂಗಲ್ ಎಂಬ ಕಾರ್ಖಾನೆಯಲ್ಲಿ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದ ತರುಣಿಯರು ಮನೆಗೆ ಹೊರಡುವ ಹೊತ್ತು. ಎಂಟನೆಯ ಅಂತಸ್ತಿನ ಬಟ್ಟೆಯ ಚೂರುಗಳಿಗೆ ಬೆಂಕಿ ತಗುಲಿ ಕ್ಷಣಾರ್ಧದಲ್ಲಿ ಮೇಲಕ್ಕೆ ಹಬ್ಬಿತು. ಒಂಬತ್ತನೆಯ ಅಂತಸ್ತಿನ ಒಂದು ಬಾಗಿಲಿಗೆ ಬೀಗ! ಅಗ್ನಿಶಾಮಕ ದಳದ ಏಣಿ ಆರನೆಯ ಅಂತಸ್ತಿಗಿಂತ ಮೇಲೇರಲಿಲ್ಲ. ಸಮೀಪದ ಸ್ನೇಹಿತೆಯ ಮನೆಯಿಂದ ಓಡಿಬಂದ ಪರ್ಕಿನ್ಸರು, ಕಿಟಕಿಗಳಿಂದ ಧುಮುಕಿ ಸಾಯುತ್ತಿದ್ದವರನ್ನು ಕಂಡರು. ಮಡಿದವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗೆ ವಲಸೆ ಬಂದಿದ್ದ ಬಡ ಹೆಣ್ಣುಮಕ್ಕಳು. ಅದೇ ವರ್ಷದ ಡಿಸೆಂಬರಿನಲ್ಲಿ ಮಾಲೀಕರು ನ್ಯಾಯಾಲಯದಿಂದ ಬಿಡುಗಡೆ ಹೊಂದಿದರು.

ಊರೆಲ್ಲ ಮರುಗಿತು. ಆದರೆ ಮರುಕವೊಂದರಿಂದಲೇ ಬೀಗ ಕಳಚುವುದಿಲ್ಲವೆಂಬುದನ್ನು ಪರ್ಕಿನ್ಸರು ಅರಿತಿದ್ದರು. ರಾಜ್ಯವು ನೇಮಿಸಿದ ಕಾರ್ಖಾನೆ ವಿಚಾರಣಾ ಆಯೋಗದ ಸದಸ್ಯರನ್ನು ದುಡಿಮೆಯ ಸ್ಥಳಗಳಿಗೇ ಕರೆದೊಯ್ದರು. ಬೆಂಕಿ ಬಿದ್ದಾಗ ಪಾರಾಗುವ ದಾರಿಯೆಂದು ಹೆಸರಿಟ್ಟಿದ್ದ ಗೋಡೆಯ ಕಿಂಡಿಯಲ್ಲಿ ಆಯೋಗದ ಅಧ್ಯಕ್ಷ ರಾಬರ್ಟ್ ವ್ಯಾಗ್ನರರನ್ನೇ ತೆವಳಿಸಿದರು. ಅದರಾಚೆ ಇದ್ದುದು ಮಂಜುಗಡ್ಡೆ ಕಟ್ಟಿದ ಕಬ್ಬಿಣದ ಏಣಿ. ಅದೂ ನೆಲ ಮುಟ್ಟುತ್ತಿರಲಿಲ್ಲ! ಕಂಡವರು ಸುಮ್ಮನಿರಲಾರದೆ ಹೋದರು. ಕೆಲವೇ ವರ್ಷಗಳಲ್ಲಿ ಮೂವತ್ತಕ್ಕೂ ಮಿಕ್ಕಿ ಕಾಯಿದೆಗಳಾದವು. ಬೀಗವಿಲ್ಲದ ಬಾಗಿಲು, ತಾನಾಗಿ ನೀರು ಚಿಮ್ಮುವ ಕೊಳವೆ, ಬೆಂಕಿಯಿಂದ ಪಾರಾಗುವ ಅಭ್ಯಾಸ ಇವೆಲ್ಲ ಶಾಸನದ ಬಲ ಪಡೆದವು.

1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಇವರನ್ನು ಕಾರ್ಮಿಕ ಸಚಿವೆಯಾಗಿ ನೇಮಿಸಿದರು. ಅಮೆರಿಕದ ಮಂತ್ರಿಮಂಡಲದಲ್ಲಿ ಸ್ಥಾನ ಪಡೆದ ಮೊದಲ ಮಹಿಳೆ ಇವರೇ. 1945ರವರೆಗಿನ ಆ ಅವಧಿಯಲ್ಲಿ ವೃದ್ಧಾಪ್ಯ ವೇತನ, ಕನಿಷ್ಠ ಕೂಲಿ ಮೊದಲಾದ ಕಾಯಿದೆಗಳು ಇವರ ಶ್ರಮದಿಂದ ಫಲಿಸಿದವು. 1965ರ ಮೇ 14ರಂದು ಇವರು ಕಾಲವಾದರು.

ಕಾಲೇಜಿನ ದಿನಗಳಲ್ಲಿ ಗಿರಣಿಯ ಬಾಗಿಲೊಳಗೆ ಇಣುಕಿದ ವಿದ್ಯಾರ್ಥಿನಿ, ಮುಂದೆ ಸಾವಿರಾರು ಬಾಗಿಲುಗಳ ಬೀಗ ತೆಗೆಸಿದರು. ವಿದ್ಯೆ ಕಣ್ಣು ತೆರೆಸಿದರಷ್ಟೇ ಸಾಲದು. ಕಂಡದ್ದಕ್ಕೆ ಹೊಣೆಯಾಗುವುದನ್ನೂ ಕಲಿಸಬೇಕೆಂಬುದಕ್ಕೆ ಈ ಬಾಳೇ ಸಾಕ್ಷಿ.