ಉಸಿರನ್ನೇ ಸಾಕ್ಷ್ಯವಾಗಿಸಿದ ಬೋರ್ಕನ್‌ಸ್ಟೈನ್

ಕುಡಿದು ವಾಹನ ಚಲಾಯಿಸಿದ ಆರೋಪ ಹೊತ್ತವನ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿಯುವವರಾರು? ಒಂದು ಕಾಲದಲ್ಲಿ ಪೊಲೀಸರ ಕಣ್ಣು ಮತ್ತು ಮೂಗು ಮಾತ್ರ ಆ ಕೆಲಸ ಮಾಡುತ್ತಿದ್ದವು. ತೊದಲುವ ಮಾತು, ತಡವರಿಸುವ ಹೆಜ್ಜೆ, ಬಾಯಿಯ ವಾಸನೆ ಇವಿಷ್ಟೇ ಆಧಾರ. ಇಂದು ಆ ಸ್ಥಾನದಲ್ಲಿ ಪುಟ್ಟ ಯಂತ್ರವೊಂದು ಕುಳಿತಿದೆ. ಈ ಪಲ್ಲಟಕ್ಕೆ ಬಹುಮಟ್ಟಿಗೆ ಕಾರಣರಾದವರು ಅಮೆರಿಕದ ಇಂಡಿಯಾನಾ ರಾಜ್ಯದ ಪೊಲೀಸ್ ಅಧಿಕಾರಿ ರಾಬರ್ಟ್ ಬೋರ್ಕನ್‌ಸ್ಟೈನ್.

1912ರ ಆಗಸ್ಟ್ 31ರಂದು ಇಂಡಿಯಾನಾದ ಫೋರ್ಟ್ ವೇನ್ ನಗರದಲ್ಲಿ ಜನಿಸಿದ ಬೋರ್ಕನ್‌ಸ್ಟೈನ್ ಅವರ ಯೌವನಕ್ಕೆ ಮಹಾ ಆರ್ಥಿಕ ಕುಸಿತದ ಕರಿನೆರಳು ಕವಿದಿತ್ತು. ಕಾಲೇಜು ಸೇರುವ ಅನುಕೂಲವಿಲ್ಲದೆ ಅವರು ಛಾಯಾಗ್ರಹಣ ತಂತ್ರಜ್ಞರಾಗಿ ದುಡಿಮೆಗಿಳಿದರು. 1936ರಲ್ಲಿ ರಾಜ್ಯ ಪೊಲೀಸ್ ಇಲಾಖೆಯ ಅಪರಾಧ ಪ್ರಯೋಗಾಲಯ ಸೇರಿದ ಅವರು, ಕ್ಯಾಪ್ಟನ್ ಪದವಿಗೇರಿ ಅದೇ ಪ್ರಯೋಗಾಲಯದ ಮುಖ್ಯಸ್ಥರಾದರು. ಸುಳ್ಳು ಪತ್ತೆ ಯಂತ್ರದ ಬಳಕೆಯಲ್ಲಿಯೂ ಅವರು ಪರಿಣತಿ ಪಡೆದಿದ್ದರು.

ಅದೇ ಇಂಡಿಯಾನಾದಲ್ಲಿ ಪ್ರೊಫೆಸರ್ ರೋಲಾ ಹಾರ್ಗರ್ ಎಂಬ ಜೀವರಸಾಯನ ವಿಜ್ಞಾನಿ 1930ರ ದಶಕದಲ್ಲಿ 'ಡ್ರಂಕೋಮೀಟರ್' ಎಂಬ ಉಪಕರಣ ರೂಪಿಸಿದ್ದರು. ಶಂಕಿತನು ಬಲೂನಿಗೆ ಉಸಿರು ತುಂಬಬೇಕು. ಆ ಗಾಳಿಯನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದ ಮೂಲಕ ಹಾಯಿಸಿದಾಗ, ಅದರಲ್ಲಿ ಮದ್ಯಸಾರವಿದ್ದರೆ ದ್ರಾವಣದ ನೇರಳೆ ಬಣ್ಣ ಮಾಸುತ್ತಿತ್ತು. 1939ರಲ್ಲಿ ಇಂಡಿಯಾನಾ ರಾಜ್ಯವು ರಕ್ತದ ಮದ್ಯಸಾರ ಪ್ರಮಾಣವನ್ನು ಸಾಕ್ಷ್ಯವಾಗಿ ಪರಿಗಣಿಸುವ ಕಾನೂನು ತಂದಿತು. ಆಗಿನ ಮಿತಿ ಶೇ. 0.15. ಆದರೆ ಹಾರ್ಗರ್ ಉಪಕರಣವನ್ನು ಪ್ರತಿ ಬಾರಿ ಹೊಸದಾಗಿ ಅಣಿಗೊಳಿಸಬೇಕಿತ್ತು. ರಸಾಯನವನ್ನರಿತ ಕೈಗಳು ಬೇಕಿದ್ದವು. ಹಾರ್ಗರ್ ಅವರೊಡನೆ ಕೆಲಸ ಮಾಡಿದ್ದ ಬೋರ್ಕನ್‌ಸ್ಟೈನ್ ಈ ಕೊರತೆಯನ್ನು ಹತ್ತಿರದಿಂದ ಕಂಡಿದ್ದರು.

ಇದರ ಫಲವೇ 1954ರಲ್ಲಿ ಸಿದ್ಧವಾದ 'ಬ್ರೆತ್‌ಅಲೈಸರ್'. ಇದರ ಒಳಗೆ ಹಳದಿ ಬಣ್ಣದ ಎರಡು ಗಾಜಿನ ಕುಪ್ಪಿಗಳು. ಅವುಗಳಲ್ಲಿ ಗಂಧಕಾಮ್ಲದೊಡನೆ ಬೆರೆಸಿದ ಪೊಟ್ಯಾಸಿಯಂ ಡೈಕ್ರೋಮೇಟ್. 52.5 ಮಿಲಿಲೀಟರ್ ಉಸಿರು ಒಂದು ಕುಪ್ಪಿಯನ್ನು ಹಾಯ್ದುಹೋಗುತ್ತದೆ. ಮದ್ಯಸಾರವಿದ್ದಷ್ಟೂ ಅದರ ಹಳದಿ ಬಣ್ಣ ಕುಂದುತ್ತದೆ. ಇನ್ನೊಂದು ಕುಪ್ಪಿ ಹೋಲಿಕೆಗೆ. ಎರಡರ ಬಣ್ಣದ ಅಂತರವನ್ನು ಬೆಳಕು ಮತ್ತು ಫೋಟೋಸೆಲ್‌ಗಳು ಅಳೆಯುತ್ತವೆ. ಛಾಯಾಗ್ರಹಣದ ಕೆಲಸದಲ್ಲಿ ಬೆಳಕಿನೊಡನೆ ಪಳಗಿದ್ದ ವ್ಯಕ್ತಿಗೆ ತಕ್ಕ ಉಪಾಯವೇ ಸರಿ. ಒಯ್ಯಲು ಸುಲಭವಾದ, ತರಬೇತಿ ಪಡೆದ ಸಾಮಾನ್ಯ ಪೊಲೀಸನೂ ನಡೆಸಬಲ್ಲ ಈ ಯಂತ್ರ ಬಹುಬೇಗ ಪ್ರಚಾರಕ್ಕೆ ಬಂದಿತು.

ಆದರೆ ಯಂತ್ರ ಅಳೆಯುವುದು ಉಸಿರನ್ನು. ಕಾನೂನು ಕೇಳುವುದು ರಕ್ತದ ಲೆಕ್ಕವನ್ನು. ಇವೆರಡರ ನಡುವಿನ ಸೇತುವೆ ಒಂದು ಅನುಪಾತ. 2,100 ಮಿಲಿಲೀಟರ್ ಉಸಿರಿನಲ್ಲಿರುವ ಮದ್ಯಸಾರವು 1 ಮಿಲಿಲೀಟರ್ ರಕ್ತದಲ್ಲಿರುವುದಕ್ಕೆ ಸಮ ಎಂದು ಭಾವಿಸಲಾಯಿತು. ವಿವಾದದ ಬೀಜವಿರುವುದು ಇಲ್ಲಿಯೇ. ಈ ಅನುಪಾತ ಎಲ್ಲ ಮನುಷ್ಯರಲ್ಲೂ ಒಂದೇ ಅಲ್ಲ. ಒಬ್ಬನಲ್ಲಿಯೇ ಸಮಯಕ್ಕೆ ತಕ್ಕಂತೆ ಬದಲಾಗುತ್ತದೆ. ಸರಾಸರಿ 2,300ರ ಸಮೀಪವಿರುವುದರಿಂದ ಹೆಚ್ಚಿನವರಿಗೆ ಯಂತ್ರದ ಲೆಕ್ಕ ತುಸು ಕಡಿಮೆಯೇ ಬರುತ್ತದೆ. ಆದರೆ ಎಲ್ಲರಿಗೂ ಹಾಗಲ್ಲ. ಜ್ವರವಿದ್ದರೆ ಲೆಕ್ಕ ಏರುತ್ತದೆ. ಆಗತಾನೇ ಕುಡಿದಿದ್ದರೆ ಅಥವಾ ತೇಗು ಬಂದಿದ್ದರೆ ಬಾಯಲ್ಲಿ ಉಳಿದ ಮದ್ಯಸಾರ ತಪ್ಪು ಅಂಕಿ ತೋರಿಸಬಲ್ಲದು. ಪರೀಕ್ಷೆಗೆ ಮುನ್ನ ಕನಿಷ್ಠ 15 ನಿಮಿಷ ಶಂಕಿತನನ್ನು ಗಮನಿಸುತ್ತಿರಬೇಕೆಂಬ ಕ್ರಮ ರೂಢಿಗೆ ಬಂದದ್ದು ಇದರಿಂದಲೇ. 1980ರ ದಶಕದಲ್ಲಿ ಪೊಲೀಸರ ರೇಡಿಯೊ ತರಂಗಗಳು ಬ್ರೆತ್‌ಅಲೈಸರ್‌ನ ಕೆಲವು ಮಾದರಿಗಳನ್ನು ಬಾಧಿಸುತ್ತವೆಂಬ ಆಕ್ಷೇಪವೂ ಅಮೆರಿಕದ ನ್ಯಾಯಾಲಯಗಳ ಮುಂದೆ ಬಂದಿತು.

ಯಂತ್ರ ಕೊಟ್ಟಾದ ಮೇಲೆ ಕೈ ತೊಳೆದುಕೊಂಡವರಲ್ಲ ಬೋರ್ಕನ್‌ಸ್ಟೈನ್. 1958ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಪೊಲೀಸ್ ಹುದ್ದೆಯಿಂದ ನಿವೃತ್ತರಾಗಿ, ಅದೇ ವಿಶ್ವವಿದ್ಯಾಲಯದ ಪೊಲೀಸ್ ಆಡಳಿತ ವಿಭಾಗದ ಮುಖ್ಯಸ್ಥರಾದರು. ಅಲ್ಲಿ ಅವರು ಆರಂಭಿಸಿದ ತರಬೇತಿ ಶಿಬಿರ ಅವರ ಹೆಸರಿನಲ್ಲಿಯೇ ಮುಂದುವರಿಯಿತು. ಯಂತ್ರ ನಡೆಸುವವರ ಮೇಲ್ವಿಚಾರಕರು, ವಿಜ್ಞಾನಿಗಳು, ವಕೀಲರು ಅಲ್ಲಿ ಪಾಠ ಕೇಳಿದರು.

1962ರಿಂದ 1963ರವರೆಗೆ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದಲ್ಲಿ ಅವರು ನಡೆಸಿದ ಅಧ್ಯಯನ ಮತ್ತೊಂದು ಮಹತ್ವದ ಕೊಡುಗೆ. ಅಪಘಾತಕ್ಕೊಳಗಾದ ಚಾಲಕರನ್ನೂ ಅದೇ ಸ್ಥಳಗಳಲ್ಲಿ ಸುಮ್ಮನೆ ಹಾದುಹೋಗುತ್ತಿದ್ದ ಚಾಲಕರನ್ನೂ ಸಾವಿರಾರು ಸಂಖ್ಯೆಯಲ್ಲಿ ಪರೀಕ್ಷಿಸಿ ಹೋಲಿಸಲಾಯಿತು. ಮದ್ಯಸಾರದ ಪ್ರಮಾಣ ಏರಿದಂತೆ ಅಪಘಾತದ ಸಂಭವ ಕಡಿದಾಗಿ ಏರುವುದು 1964ರ ವರದಿಯಿಂದ ಸ್ಥಿರಪಟ್ಟಿತು. ಹಲವು ದೇಶಗಳು ಮಿತಿಯನ್ನು ಶೇ. 0.08ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಸುವುದಕ್ಕೆ ಈ ಬಗೆಯ ಅಧ್ಯಯನಗಳು ಬುನಾದಿಯಾದವು.

2002ರ ಆಗಸ್ಟ್ 10ರಂದು ತಮ್ಮ 89ನೇ ವಯಸ್ಸಿನಲ್ಲಿ ಬೋರ್ಕನ್‌ಸ್ಟೈನ್ ನಿಧನರಾದರು. ಅಷ್ಟರಲ್ಲಿ ಬಣ್ಣದ ಕುಪ್ಪಿಗಳು ಮರೆಗೆ ಸರಿದು, ಅತಿರಕ್ತ ಕಿರಣ ಹಾಗೂ ವಿದ್ಯುತ್ ರಾಸಾಯನಿಕ ಕೋಶ ಬಳಸುವ ಯಂತ್ರಗಳು ಬಂದಿದ್ದವು. ಪ್ರಶ್ನೆ ಮಾತ್ರ ಹಳೆಯದೇ ಉಳಿಯಿತು. 2018ರಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯವು, ಯಂತ್ರಗಳ ಮಾಪನ ಹೊಂದಾಣಿಕೆಯಲ್ಲಿ ಲೋಪವಾಗಿದ್ದ ಕಾರಣ, 20 ಸಾವಿರಕ್ಕೂ ಹೆಚ್ಚು ಪರೀಕ್ಷೆಗಳನ್ನು ಒಪ್ಪತಕ್ಕ ಸಾಕ್ಷ್ಯವಲ್ಲವೆಂದಿತು. 2023ರಲ್ಲಿ ಮ್ಯಾಸಚೂಸೆಟ್ಸ್‌ನ ಉನ್ನತ ನ್ಯಾಯಾಲಯದ ತೀರ್ಪು ಸುಮಾರು 27 ಸಾವಿರ ಮಂದಿಯ ಪ್ರಕರಣಗಳನ್ನು ತಟ್ಟಿತು. ಎರಡೂ ಕಡೆ ಮುಗ್ಗರಿಸಿದ್ದು ಉಸಿರಿನ ವಿಜ್ಞಾನವಲ್ಲ. ಯಂತ್ರವನ್ನು ಸರಿಯಾಗಿಡಬೇಕಾದ, ದಾಖಲೆಯನ್ನು ಮುಚ್ಚಿಡದೆ ಒಪ್ಪಿಸಬೇಕಾದ ವ್ಯವಸ್ಥೆ.

ನಮಗೂ ಇದು ದೂರದ ಮಾತಲ್ಲ. ಭಾರತದ 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮು 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಸಾರವನ್ನು ಅಪರಾಧವೆಂದು ಸಾರುತ್ತದೆ. ಅದಕ್ಕೆ ಉಸಿರಿನ ಪರೀಕ್ಷೆಯನ್ನು ಆಧಾರವಾಗಿಸುತ್ತದೆ. ಬಂಧಿತನ ರಕ್ತ ಪರೀಕ್ಷೆಗೆ 204ನೇ ಕಲಮಿನಲ್ಲಿ ಅವಕಾಶವಿದೆ. ಮಿತಿ ಇಷ್ಟು ಕೆಳಗಿರುವಲ್ಲಿ ಸಣ್ಣ ತಪ್ಪೂ ಒಬ್ಬನನ್ನು ಗೆರೆಯ ಆಚೆಗೆ ದೂಡಬಲ್ಲದು.

ಕುಡಿದ ಚಾಲಕನಿಂದ ದಾರಿಹೋಕನನ್ನು ಕಾಪಾಡುವುದು ಎಷ್ಟು ಮುಖ್ಯವೋ, ಕೆಟ್ಟ ಯಂತ್ರದಿಂದ ನಿರಪರಾಧಿಯನ್ನು ಕಾಪಾಡುವುದೂ ಅಷ್ಟೇ ಮುಖ್ಯ. ಯಂತ್ರವನ್ನು ಕಟ್ಟಿದ ಕೈಯೇ ಅದನ್ನು ನಡೆಸುವವರಿಗಾಗಿ ಪಾಠಶಾಲೆಯನ್ನೂ ಕಟ್ಟಿತ್ತು ಎಂಬುದನ್ನು ಅಂಥ ಯಂತ್ರ ಬಳಸುವ ಯಾವ ಇಲಾಖೆಯೂ ಮರೆಯಬಾರದು.