ಹ್ಯಾನ್ಸ್ ಬರ್ಗರ್ (1873–1941): ಮಿದುಳಿನ ಅಲೆಗಳನ್ನು ಮೊದಲು ದಾಖಲಿಸಿದ ವೈದ್ಯ

ಅಪಸ್ಮಾರ ಅಥವಾ ಮೂರ್ಛೆರೋಗದ ಶಂಕೆಯಿಂದ ಆಸ್ಪತ್ರೆಗೆ ಬರುವವರಿಗೆ ವೈದ್ಯರು ಸೂಚಿಸುವ ಪರೀಕ್ಷೆಗಳಲ್ಲಿ ಇ.ಇ.ಜಿ. ಪ್ರಮುಖವಾದುದು. ಎಲೆಕ್ಟ್ರೋಎನ್ಸೆಫಲೋಗ್ರಾಮ್ ಎಂಬ ದೀರ್ಘ ಹೆಸರಿನ ಸಂಕ್ಷಿಪ್ತ ರೂಪವಿದು. ಮಿದುಳಿನ ವಿದ್ಯುತ್ ಲೇಖ ಎಂದು ಕನ್ನಡದಲ್ಲಿ ಹೇಳಬಹುದು. ಪರೀಕ್ಷೆಯ ವರದಿಯಲ್ಲಿ ಬರುವ ಆಲ್ಫಾ, ಬೀಟಾ, ಥೀಟಾ, ಡೆಲ್ಟಾ ಮುಂತಾದ ಪದಗಳು ರೋಗಿಗೂ ಅವರ ಮನೆಯವರಿಗೂ ಅನಾವಶ್ಯಕ ಗಾಬರಿಯನ್ನು ಉಂಟುಮಾಡುವುದುಂಟು. ಇವುಗಳಲ್ಲಿ ಮೊದಲ ಎರಡು ಪದಗಳನ್ನೂ, ಪರೀಕ್ಷೆಯ ಹೆಸರನ್ನೂ ಬಳಕೆಗೆ ತಂದವರು ಜರ್ಮನಿಯ ಮನೋವೈದ್ಯರಾದ ಹ್ಯಾನ್ಸ್ ಬರ್ಗರ್ ಅವರು. ಅವರ ಜೀವನವೃತ್ತಾಂತವನ್ನು ಅರಿತರೆ ಈ ಪದಗಳ ಅರ್ಥವೂ ತಾನಾಗಿ ತಿಳಿದುಬರುವುದರಿಂದ, ಸಾರ್ವಜನಿಕರ ಮಾಹಿತಿಗಾಗಿ ಅದನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಬರ್ಗರ್ ಅವರು 1873ರ ಮೇ 21ರಂದು ಜರ್ಮನಿಯ ಕೊಬುರ್ಗ್ ಪಟ್ಟಣದ ಸಮೀಪದ ನಾಯ್ಸೆಸ್ ಎಂಬಲ್ಲಿ ಜನಿಸಿದರು. ತಂದೆ ವೈದ್ಯರು. ತಾಯಿ ಪ್ರಸಿದ್ಧ ಕವಿ ಹಾಗೂ ಪೌರಸ್ತ್ಯ ಭಾಷಾ ವಿದ್ವಾಂಸ ಫ್ರೀಡ್ರಿಶ್ ರೂಕರ್ಟ್ ಅವರ ಮಗಳು. ಸಂಸ್ಕೃತವನ್ನು ಬಲ್ಲವರಾಗಿದ್ದ ರೂಕರ್ಟ್ ಅವರು ಮಹಾಭಾರತದ ನಳ-ದಮಯಂತಿಯರ ಕಥೆಯನ್ನು ಜರ್ಮನ್ ಪದ್ಯರೂಪಕ್ಕೆ ತಂದವರು. ಕನಕದಾಸರ ನಳಚರಿತ್ರೆಯ ಮೂಲಕ ಕನ್ನಡಿಗರಿಗೆ ಚಿರಪರಿಚಿತವಾದ ಕಥೆಯೇ ಅದು.

ಖಗೋಳ ಶಾಸ್ತ್ರಜ್ಞನಾಗಬೇಕೆಂಬ ಹಂಬಲದಿಂದ ಬಾಲಕ ಬರ್ಗರ್ ವಿಶ್ವವಿದ್ಯಾನಿಲಯವನ್ನು ಸೇರಿದರೂ, ಅಲ್ಲಿ ಮನಸ್ಸು ನಿಲ್ಲದೆ ಒಂದು ವರ್ಷದ ಅವಧಿಗೆ ಅಶ್ವದಳದಲ್ಲಿ ಸೇವೆಗೆ ಸೇರಿದರು. ಅಲ್ಲಿ ನಡೆದ ಒಂದು ಘಟನೆ ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ಕವಾಯತಿನ ಸಮಯದಲ್ಲಿ ಕುದುರೆ ಬೆದರಿ ಮುಂಗಾಲೆತ್ತಿ ನಿಂತು ಅವರನ್ನು ಕೆಳಕ್ಕೆ ಬೀಳಿಸಿತು. ಹಿಂದಿನಿಂದ ಫಿರಂಗಿಯನ್ನು ಎಳೆದುಕೊಂಡು ಬರುತ್ತಿದ್ದ ಕುದುರೆಗಳು ಕೂದಲೆಳೆಯ ಅಂತರದಲ್ಲಿ ನಿಂತುದರಿಂದ ಪ್ರಾಣ ಉಳಿಯಿತು. ಅದೇ ದಿನ ಸಂಜೆ ತಂದೆಯಿಂದ ಕುಶಲವನ್ನು ವಿಚಾರಿಸುವ ತಂತಿ ಬಂದಿತು. ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನು ಅಪಾಯದಲ್ಲಿರುವನೆಂಬ ಭಾವನೆ ಬಲವಾಗಿ ಮೂಡಿ, ಆಕೆ ಹಟ ಹಿಡಿದು ತಂತಿಯನ್ನು ಕಳುಹಿಸಿದ್ದಳು.

ತನ್ನ ಭಯವು ಯಾವುದೋ ಭೌತಿಕ ಶಕ್ತಿಯ ರೂಪದಲ್ಲಿ ಅಕ್ಕನ ಮನಸ್ಸನ್ನು ತಲುಪಿತೆಂದು ಬರ್ಗರ್ ದೃಢವಾಗಿ ನಂಬಿದರು. ಅದು ಕಾಕತಾಳೀಯ ಇದ್ದಿರಬಹುದೆಂದು ಇಂದಿನ ಓದುಗನಿಗೆ ತೋರುವುದು ಸಹಜ; ಆದರೆ ಆ ನಂಬಿಕೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಮನಸ್ಸಿನ ಶಕ್ತಿಯನ್ನು ಅಳೆಯುವ ಗುರಿಯೊಂದಿಗೆ ಅವರು ಗಣಿತ ಮತ್ತು ಖಗೋಳಗಳನ್ನು ತ್ಯಜಿಸಿ ವೈದ್ಯಶಾಸ್ತ್ರಕ್ಕೆ ಬಂದರು. 1897ರಲ್ಲಿ ಯೇನಾ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿಯನ್ನು ಪಡೆದು, ಅಲ್ಲಿನ ಮನೋರೋಗ ಚಿಕಿತ್ಸಾಲಯದಲ್ಲಿ ಒಟ್ಟೊ ಬಿನ್ಸ್‌ವಾಂಗರ್ ಅವರ ಕೈಕೆಳಗೆ ಸೇವೆಗೆ ಸೇರಿದರು. ಒಂದನೆಯ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದ ಅವಧಿಯನ್ನು ಬಿಟ್ಟರೆ ಮುಂದಿನ ನಾಲ್ಕು ದಶಕಗಳನ್ನು ಅವರು ಅಲ್ಲಿಯೇ ಕಳೆದರು. 1919ರಲ್ಲಿ ಅದರ ನಿರ್ದೇಶಕರಾದರು.

ಸಂಶೋಧನೆಯ ಹಾದಿ

ಮೊದಲಿಗೆ ಅವರು ಮಿದುಳಿನ ರಕ್ತಸಂಚಾರವನ್ನೂ, ನಂತರ ಮಿದುಳಿನ ಉಷ್ಣತೆಯನ್ನೂ ಅಳೆಯಲು ಯತ್ನಿಸಿದರು. 1910ರಲ್ಲಿ ಉಷ್ಣತೆಯ ಕುರಿತು ಪುಸ್ತಕವೂ ಪ್ರಕಟವಾಯಿತು. ಅವರು ಹುಡುಕುತ್ತಿದ್ದುದು ಮಾತ್ರ ದೊರೆಯಲಿಲ್ಲ.

ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ ಚಟುವಟಿಕೆ ಇರುವುದು ಆ ವೇಳೆಗೆ ಹೊಸ ವಿಷಯವಾಗಿರಲಿಲ್ಲ. ಇಂಗ್ಲೆಂಡಿನ ಲಿವರ್‌ಪೂಲಿನ ವೈದ್ಯ ರಿಚರ್ಡ್ ಕೇಟನ್ ಅವರು 1875ರಲ್ಲಿಯೇ ಮೊಲ ಮತ್ತು ಕೋತಿಗಳ ಮಿದುಳಿನ ಮೇಲೆ ಇದನ್ನು ಕಂಡು ವರದಿ ಮಾಡಿದ್ದರು. ಆದರೆ ಮನುಷ್ಯನ ತಲೆಬುರುಡೆ ದಪ್ಪನಾದುದು. ಅದರ ಹೊರಗೆ ದೊರೆಯುವ ವಿದ್ಯುತ್ತು ಅತ್ಯಲ್ಪ. ಅದನ್ನು ಮೈಕ್ರೋವೋಲ್ಟ್‌ಗಳಲ್ಲಿ, ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ, ಅಳೆಯಬೇಕು. ನೆತ್ತಿಯ ಮೇಲೆ ಸಾಮಾನ್ಯವಾಗಿ ದೊರೆಯುವ 50 ಮೈಕ್ರೋವೋಲ್ಟ್ ಎಂಬುದು ಟಾರ್ಚಿನ ಒಂದು ಸೆಲ್ಲಿನ ಮೂವತ್ತು ಸಾವಿರದ ಒಂದು ಪಾಲು ಮಾತ್ರ. ಅಲೆಯ ಈ ಎತ್ತರವನ್ನೇ ವರದಿಗಳಲ್ಲಿ ಪಾರ ಎನ್ನುತ್ತಾರೆ.

1924ರ ಜುಲೈ 6ರಂದು, ಶಸ್ತ್ರವೈದ್ಯ ನಿಕೊಲಾಯ್ ಗುಲೆಕೆ ಅವರ ರೋಗಿಯಾಗಿದ್ದ 17 ವರ್ಷದ ಹುಡುಗನೊಬ್ಬನಿಂದ ಬರ್ಗರ್ ಅವರು ಮೊದಲ ಬಾರಿಗೆ ಮನುಷ್ಯನ ಮಿದುಳಿನ ವಿದ್ಯುತ್ ಕಂಪನಗಳನ್ನು ಪಡೆದರು. ಗ್ಯಾಲ್ವನೋಮೀಟರಿನ ಸೂಕ್ಷ್ಮ ಚಲನೆಯನ್ನು ಬೆಳಕಿನ ಮೂಲಕ ಚಲಿಸುವ ಛಾಯಾಚಿತ್ರ ಕಾಗದದ ಮೇಲೆ ಬೀಳಿಸಿ ದಾಖಲಿಸುವುದು ಅವರ ವಿಧಾನವಾಗಿತ್ತು. ಆಸ್ಪತ್ರೆಯ ಕೆಲಸ ಮುಗಿದ ನಂತರ, ಸಂಜೆಯ ಹೊತ್ತಿನಲ್ಲಿ, ಸಹೋದ್ಯೋಗಿಗಳಿಗೂ ಹೆಚ್ಚು ತಿಳಿಸದೆ ಈ ಕಾರ್ಯ ನಡೆಯುತ್ತಿತ್ತು. ಮಗ ಕ್ಲಾಸ್‌ನ ತಲೆಗೂ ತಮ್ಮ ತಲೆಗೂ ವಿದ್ಯುದಗ್ರಗಳನ್ನು ಕಟ್ಟಿ ಅವರು ಅನೇಕ ದಾಖಲೆಗಳನ್ನು ಪಡೆದರು.

ಸಿಕ್ಕಿದುದನ್ನು ಅವರು ಕೂಡಲೇ ಪ್ರಕಟಿಸಲಿಲ್ಲ. ಐದು ವರ್ಷಗಳ ಕಾಲ ತಮ್ಮನ್ನು ತಾವೇ ಸಂಶಯಿಸಿದರು. ಕಾಗದದ ಮೇಲೆ ಕಾಣುವ ಅಲೆ ಮಿದುಳಿನದೇ, ಅಥವಾ ಹೃದಯದ ಬಡಿತದ ಛಾಯೆಯೇ? ಹಣೆಯ ಸ್ನಾಯುಗಳು ಬಿಗಿದುದರಿಂದ ಬಂದುದೇ? ಕಣ್ಣುಗುಡ್ಡೆಯ ಚಲನೆಯಿಂದಲೇ, ನೆತ್ತಿಯ ಚರ್ಮದಿಂದಲೇ, ವಿದ್ಯುದಗ್ರ ಅಲುಗಿದುದರಿಂದಲೇ? ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ಮಿದುಳಿನ ಅಲೆಯ ಜೊತೆಯಲ್ಲಿಯೇ ಹೃದಯದ ಲೇಖವನ್ನೂ, ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಗುರುತಿಸುವ ಕಾಲರೇಖೆಯನ್ನೂ ಒಂದೇ ಕಾಗದದಲ್ಲಿ ದಾಖಲಿಸಿ ಹೋಲಿಸಿದರು. ಮಿದುಳಿನಿಂದ ಬಾರದೆ ಲೇಖದಲ್ಲಿ ಸೇರಿಕೊಳ್ಳುವ ಇಂತಹ ಗುರುತುಗಳನ್ನು ಇಂದು ಆರ್ಟಿಫ್ಯಾಕ್ಟ್ ಎನ್ನುತ್ತಾರೆ. ಇ.ಇ.ಜಿ. ಓದಲು ಕಲಿಯುವವರಿಗೆ ಇಂದಿಗೂ ಇದೇ ಮೊದಲ ಪಾಠ. ರೋಗಿ ಕಣ್ಣು ಮಿಟುಕಿಸಿದುದನ್ನು ಅಥವಾ ಹಲ್ಲು ಕಚ್ಚಿದುದನ್ನು ರೋಗಲಕ್ಷಣವೆಂದು ತಪ್ಪಾಗಿ ಓದಿದರೆ, ಇಲ್ಲದ ಅಪಸ್ಮಾರಕ್ಕೆ ವರ್ಷಾನುಗಟ್ಟಲೆ ಮಾತ್ರೆ ನುಂಗಬೇಕಾದೀತು. ಬರ್ಗರ್ ಅವರ ಸಂಕೋಚ ಸ್ವಭಾವವನ್ನು ಟೀಕಿಸಿದವರಿದ್ದಾರೆ. ಈ ಐದು ವರ್ಷಗಳ ವಿಳಂಬವನ್ನು ಮಾತ್ರ ಅವರ ಶ್ರೇಷ್ಠ ಗುಣವೆಂದೇ ಪರಿಗಣಿಸಬೇಕಾಗುತ್ತದೆ.

1929ರಲ್ಲಿ ಮನುಷ್ಯನ ಇ.ಇ.ಜಿ. ಕುರಿತ ಅವರ ಮೊದಲ ಪ್ರಬಂಧ ಪ್ರಕಟವಾಯಿತು. 1938ರವರೆಗೆ ಅದೇ ವಿಷಯದ ಮೇಲೆ ಒಟ್ಟು 14 ವರದಿಗಳನ್ನು ಅವರು ಹೊರತಂದರು.

ಆಲ್ಫಾ ಮತ್ತು ಬೀಟಾ

ಕಾಗದದ ಮೇಲೆ ಅವರು ಎರಡು ಬಗೆಯ ಅಲೆಗಳನ್ನು ಗುರುತಿಸಿದರು. ಒಂದು, ದೊಡ್ಡದಾಗಿ ನಿಧಾನವಾಗಿ ಏರಿಳಿಯುವಂತಹುದು. ಒಂದು ಅಲೆಗೆ ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿಯುವುದರಿಂದ ಸೆಕೆಂಡಿಗೆ ಸುಮಾರು 10 ಅಲೆಗಳು ಬರುತ್ತವೆ. ಹೀಗೆ ಒಂದು ಸೆಕೆಂಡಿನಲ್ಲಿ ಎಣಿಸಬಹುದಾದ ಅಲೆಗಳ ಸಂಖ್ಯೆಯೇ ಆವೃತ್ತಿ. ಅದರ ಮಾನ ಹರ್ಟ್ಸ್. ಇನ್ನೊಂದು, ಚಿಕ್ಕದಾದ ಶೀಘ್ರಗತಿಯ ಅಲೆ. ಮೊದಲನೆಯದಕ್ಕೆ ಆಲ್ಫಾ, ಎರಡನೆಯದಕ್ಕೆ ಬೀಟಾ ಎಂದು 1930ರಲ್ಲಿ ಹೆಸರಿಟ್ಟರು. ಗ್ರೀಕ್ ವರ್ಣಮಾಲೆಯ ಮೊದಲ ಎರಡು ಅಕ್ಷರಗಳಿವು; ಇವುಗಳಿಗೆ ಬೇರೆ ಗೂಢಾರ್ಥವೇನೂ ಇಲ್ಲ.

ಕಣ್ಣು ಮುಚ್ಚಿ ನಿರಾಳವಾಗಿ ಕುಳಿತವನಲ್ಲಿ ಸ್ಪಷ್ಟವಾಗಿ ಕಾಣುವ ಆಲ್ಫಾ ಅಲೆಗಳು, ಅವನು ಕಣ್ಣು ತೆರೆದೊಡನೆ ಅಥವಾ ಮನಸ್ಸಿನಲ್ಲಿಯೇ ಲೆಕ್ಕ ಮಾಡತೊಡಗಿದೊಡನೆ ಕುಗ್ಗಿಹೋಗುವುದನ್ನು ಬರ್ಗರ್ ಕಂಡರು. ಮನಸ್ಸಿನ ವ್ಯಾಪಾರಕ್ಕೂ ಕಾಗದದ ಮೇಲಿನ ಗೆರೆಗೂ ನೇರ ಸಂಬಂಧವನ್ನು ತೋರಿದ ಮೊದಲ ಸಾಕ್ಷ್ಯವಿದು. ಇಂದಿಗೂ ತಂತ್ರಜ್ಞರು ಪರೀಕ್ಷೆಯ ನಡುವೆ ಕಣ್ಣು ತೆರೆಯಲು ಮತ್ತು ಮುಚ್ಚಲು ಹೇಳುವುದು ಈ ಕಾರಣಕ್ಕಾಗಿಯೇ.

ಮನ್ನಣೆ

ಸ್ವದೇಶದಲ್ಲಿ ಹಲವರು ಇದನ್ನು ನಂಬಲಿಲ್ಲ. 1934ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಡ್ಗರ್ ಏಡ್ರಿಯನ್ ಮತ್ತು ಬ್ರಯಾನ್ ಮ್ಯಾಥ್ಯೂಸ್ ಅವರು ಪ್ರಯೋಗವನ್ನು ಪುನಃ ನಡೆಸಿ ಅದು ನಿಜವೆಂದು ಸಾಬೀತುಪಡಿಸಿದ ನಂತರವೇ ಜಗತ್ತು ಬರ್ಗರ್ ಅವರತ್ತ ತಿರುಗಿ ನೋಡಿತು. ಏಡ್ರಿಯನ್ ಅವರು 1932ರಲ್ಲಿಯೇ ನೊಬೆಲ್ ಪ್ರಶಸ್ತಿಯನ್ನು ಪಡೆದಿದ್ದ ವಿಜ್ಞಾನಿ; ಅವರ ಮಾತಿಗೆ ತೂಕವಿತ್ತು. ಆಲ್ಫಾ ಅಲೆಗಳನ್ನು ಬರ್ಗರ್ ಲಯವೆಂದು ಕರೆದು ಗೌರವಿಸಿದ ಅವರು, ಒಂದು ತಿದ್ದುಪಡಿಯನ್ನೂ ಮಾಡಿದರು. ಈ ಅಲೆಗಳು ಬರ್ಗರ್ ಭಾವಿಸಿದಂತೆ ಇಡೀ ಮಿದುಳಿನಿಂದ ಹೊರಡದೆ, ಮುಖ್ಯವಾಗಿ ದೃಷ್ಟಿಗೆ ಸಂಬಂಧಿಸಿದ ಹಿಂಭಾಗದಿಂದ ಹೊರಡುತ್ತವೆಂದು ತೋರಿಸಿದರು. 1935ರಲ್ಲಿ ಅಮೆರಿಕದಲ್ಲಿ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್ ಅವರು, ಮಕ್ಕಳು ಕ್ಷಣಕಾಲ ಮೈಮರೆತು ದಿಟ್ಟಿಸುವ ಬಗೆಯ ಅಪಸ್ಮಾರದಲ್ಲಿ ಸೆಕೆಂಡಿಗೆ 3ರಂತೆ ಬರುವ ಮೊನೆ-ಅಲೆ ಜೋಡಿಯನ್ನು ವಿವರಿಸಿದರು. ಅಲ್ಲಿಂದ ಮುಂದೆ ಈ ಪರೀಕ್ಷೆ ಅಪಸ್ಮಾರ ಚಿಕಿತ್ಸೆಯ ಅವಿಭಾಜ್ಯ ಅಂಗವಾಯಿತು.

ಕೊನೆಯ ವರ್ಷಗಳು

ಬರ್ಗರ್ ಅವರನ್ನು ನಾಜಿ ಆಡಳಿತದ ಬಲಿಪಶುವೆಂದು ಬಣ್ಣಿಸುವ ಬರಹಗಳು ಬಹುಕಾಲ ಪ್ರಚಾರದಲ್ಲಿದ್ದವು. ಇತ್ತೀಚಿನ ದಶಕಗಳಲ್ಲಿ ಇತಿಹಾಸಕಾರರು ದಾಖಲೆಗಳನ್ನು ಪರಿಶೀಲಿಸಿದ ಮೇಲೆ ಈ ಚಿತ್ರ ಬದಲಾಗಿದೆ. ಜರ್ಮನಿಯಲ್ಲಿ 1933ರ ಜುಲೈನಲ್ಲಿ ಜಾರಿಗೊಳಿಸಲು ಅಂಗೀಕರಿಸಿದ ಕಾನೂನೊಂದು, ಆನುವಂಶಿಕವೆಂದು ಭಾವಿಸಲಾದ ಕೆಲವು ಕಾಯಿಲೆಗಳಿದ್ದವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ವಿಧಿಸಿತು. ಆ ಕಾಯಿಲೆಗಳ ಪಟ್ಟಿಯಲ್ಲಿ ಅಪಸ್ಮಾರವೂ ಇತ್ತು. ಇಂತಹ ಆದೇಶಗಳ ವಿರುದ್ಧ ಬಂದ ಮೇಲ್ಮನವಿಗಳನ್ನು ವಿಚಾರಿಸುತ್ತಿದ್ದ ಯೇನಾದ ಉನ್ನತ ನ್ಯಾಯಮಂಡಳಿಯಲ್ಲಿ ಬರ್ಗರ್ ಅವರು ಸದಸ್ಯರಾಗಿ ಕುಳಿತಿದ್ದರು. ಅವರು ನಾಜಿಗಳ ಎಸ್.ಎಸ್. ಸಂಘಟನೆಗೆ ಪೋಷಕ ಸದಸ್ಯರೂ ಆಗಿದ್ದರು. ಅಪಸ್ಮಾರವನ್ನು ಅರಿಯಲು ಜಗತ್ತಿಗೆ ಸಾಧನವೊಂದನ್ನು ಕೊಟ್ಟ ವೈದ್ಯರೇ, ಅಪಸ್ಮಾರ ರೋಗಿಗಳನ್ನೂ ಒಳಗೊಂಡ ಇಂತಹ ತೀರ್ಪುಗಳ ವ್ಯವಸ್ಥೆಯಲ್ಲಿ ಪಾಲುಗೊಂಡರೆಂಬುದು ಅವರ ಚರಿತ್ರೆಯಲ್ಲಿ ಮರೆಮಾಚಲಾಗದ ಸಂಗತಿ. ಅವರ ವೈಜ್ಞಾನಿಕ ಸಾಧನೆ ಇದನ್ನು ಅಳಿಸುವುದಿಲ್ಲ.

1938ರಲ್ಲಿ, 65ನೆಯ ವಯಸ್ಸಿನಲ್ಲಿ, ಅವರು ನಿವೃತ್ತರಾದರು. ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಸೂಚಿತವಾಗಿತ್ತಾದರೂ ಅದು ದೊರೆಯಲಿಲ್ಲ. ತೀವ್ರ ಖಿನ್ನತೆಯಿಂದ ಬಳಲುತ್ತಿದ್ದ ಅವರು 1941ರ ಜೂನ್ 1ರಂದು ಯೇನಾದಲ್ಲಿ ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಅಕ್ಕನ ತಂತಿಯ ಪ್ರಸಂಗವನ್ನು ಅವರು ಪ್ರಕಟಿಸಿದುದು ಅದಕ್ಕೆ ಒಂದು ವರ್ಷ ಮೊದಲಷ್ಟೇ. ಮನಸ್ಸಿನಿಂದ ಮನಸ್ಸಿಗೆ ಹರಿಯುವ ಶಕ್ತಿಯ ಸುಳಿವು ಅವರ ಯಾವ ಲೇಖದಲ್ಲಿಯೂ ಕಾಣಿಸಿಕೊಳ್ಳಲಿಲ್ಲ.

ನಂತರ ಸೇರಿದ ಪದಗಳು

ಡೆಲ್ಟಾ ಎಂಬ ಹೆಸರನ್ನು 1936ರಲ್ಲಿ ಇಂಗ್ಲೆಂಡಿನ ಗ್ರೇ ವಾಲ್ಟರ್ ಅವರು, ಮಿದುಳಿನ ಗೆಡ್ಡೆಗಳ ಸುತ್ತ ಕಂಡುಬಂದ ನಿಧಾನ ಅಲೆಗಳಿಗೆ ಕೊಟ್ಟರು. ಥೀಟಾ ಎಂಬುದೂ 1940ರ ದಶಕದಲ್ಲಿ ಅವರ ಕಡೆಯಿಂದಲೇ ಬಂದಿತು. ಈಗ ರೂಢಿಯಲ್ಲಿರುವಂತೆ ಸೆಕೆಂಡಿಗೆ 4ಕ್ಕಿಂತ ಕಡಿಮೆ ಇದ್ದರೆ ಡೆಲ್ಟಾ, 4ರಿಂದ 8ರೊಳಗೆ ಥೀಟಾ, 8ರಿಂದ 13ರವರೆಗೆ ಆಲ್ಫಾ, ಅದಕ್ಕೆ ಮೇಲ್ಪಟ್ಟು ಬೀಟಾ. ಡೆಲ್ಟಾ ಎಂದೊಡನೆ ಭಯಪಡಬೇಕಾಗಿಲ್ಲ. ಗಾಢನಿದ್ರೆಯಲ್ಲಿ ಅದು ಎಲ್ಲರಿಗೂ ಬರುತ್ತದೆ, ಎಳೆಯ ಮಕ್ಕಳಲ್ಲಿ ಎಚ್ಚರದಲ್ಲಿಯೂ ಇರುತ್ತದೆ. ಎಚ್ಚರವಾಗಿರುವ ವಯಸ್ಕರಲ್ಲಿ, ಅದರಲ್ಲಿಯೂ ತಲೆಯ ಒಂದೇ ಭಾಗದಲ್ಲಿ ಕಂಡರೆ ವೈದ್ಯರು ಮುಂದಿನ ತಪಾಸಣೆಯನ್ನು ಸೂಚಿಸುತ್ತಾರೆ.

ವಿದ್ಯುದಗ್ರಗಳನ್ನು ಇಡುವ 10–20 ಪದ್ಧತಿಯನ್ನು 1958ರಲ್ಲಿ ಹರ್ಬರ್ಟ್ ಜ್ಯಾಸ್ಪರ್ ಅವರು ಪ್ರಕಟಿಸಿದರು. ಮೂಗಿನ ಬುಡದಿಂದ ತಲೆಯ ಹಿಂಬದಿಯ ಉಬ್ಬಿನವರೆಗಿನ ದೂರವನ್ನು ಶೇಕಡಾ 10 ಮತ್ತು 20ರ ಅಂತರಗಳಾಗಿ ವಿಭಾಗಿಸುವುದರಿಂದ ಈ ಹೆಸರು ಬಂದಿದೆ. ವರದಿಯಲ್ಲಿ ಎಫ್ ಎಂದರೆ ಮುಂಭಾಗ, ಟಿ ಎಂದರೆ ಕಪೋಲದ ಮೇಲಿನ ಪಾರ್ಶ್ವ, ಓ ಎಂದರೆ ಹಿಂಭಾಗ. ಬೆಸ ಸಂಖ್ಯೆ ಎಡಕ್ಕೆ, ಸಮ ಸಂಖ್ಯೆ ಬಲಕ್ಕೆ, ಝಡ್ ಅಕ್ಷರ ನಡುಗೆರೆಗೆ. ಇನ್ನು ಸ್ಪೈಕ್ ಅಂದರೆ ಸೆಕೆಂಡಿನ ಸಾವಿರದ 20ರಿಂದ 70 ಭಾಗದೊಳಗೆ ಮುಗಿಯುವ ಚೂಪಾದ ಮೊನೆ. ಅದಕ್ಕಿಂತ ಅಗಲವಾದುದು ಶಾರ್ಪ್ ವೇವ್. ಇವು ಅಪಸ್ಮಾರದ ಕಡೆಗೆ ಬೆರಳು ತೋರಬಹುದು. ಆದರೆ ಒಂದು ಬಾರಿಯ ಇ.ಇ.ಜಿ. ಸಹಜವಾಗಿದ್ದ ಮಾತ್ರಕ್ಕೆ ಅಪಸ್ಮಾರವಿಲ್ಲವೆಂದು ಹೇಳಲು ಬರುವುದಿಲ್ಲ; ರೋಗಿಗೆ ಏನಾಯಿತೆಂಬುದನ್ನು ಕಣ್ಣಾರೆ ಕಂಡವರು ಕೊಡುವ ವಿವರವೇ ವೈದ್ಯರಿಗೆ ಹೆಚ್ಚಿನ ಆಧಾರ. ಆದ್ದರಿಂದ ಅಂತಹವರು ರೋಗಿಯ ಜೊತೆಯಲ್ಲಿ ಬರುವುದು ಅಪೇಕ್ಷಣೀಯ.

ಈ ಪರೀಕ್ಷೆಯಲ್ಲಿ ನೋವಿರುವುದಿಲ್ಲ. ಯಂತ್ರವು ದೇಹದೊಳಕ್ಕೆ ವಿದ್ಯುತ್ತನ್ನು ಹರಿಸುವುದಿಲ್ಲ, ಮಿದುಳಿನಿಂದ ಬರುವುದನ್ನು ಗ್ರಹಿಸುತ್ತದೆ ಅಷ್ಟೆ. ರೋಗಿಯ ಆಲೋಚನೆಗಳನ್ನು ಅದು ಓದಲಾರದು. ಪರೀಕ್ಷೆಗೆ ಬರುವ ಮೊದಲು ತಲೆಗೆ ಸ್ನಾನ ಮಾಡಿ ಕೂದಲನ್ನು ಚೆನ್ನಾಗಿ ಒಣಗಿಸಿಕೊಂಡಿರತಕ್ಕದ್ದು. ಎಣ್ಣೆ ಹಚ್ಚಿಕೊಂಡು ಬಂದಲ್ಲಿ ವಿದ್ಯುದಗ್ರಗಳು ಚರ್ಮಕ್ಕೆ ಸರಿಯಾಗಿ ಅಂಟಿಕೊಳ್ಳದೆ ಆರ್ಟಿಫ್ಯಾಕ್ಟ್‌ಗಳು ಹೆಚ್ಚುತ್ತವೆ. ವೈದ್ಯರು ಹೇಳದ ಹೊರತು ದಿನನಿತ್ಯದ ಮಾತ್ರೆಗಳನ್ನು ನಿಲ್ಲಿಸಬಾರದು.